ಎಂಟು ಸಾವಿರ ಉಳಿಸಿದ್ವಿ, ಒಬ್ಬ ಹುಡುಗನ್ನ ಕಳಕೊಂಡ್ವಿ

ಇಲ್ಲಿ ಧೂಳು ಹಿಡಿದು ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇತ್ತು, ಸಿಟ್ಟು ಇರಲಿಲ್ಲ. ಈಗ ಬಂದಿದೆ. ಸಿಟ್ಟು ಬಂದಿರೋದು ನಮ್ಮ ಮೇಲೇ. ನಮ್ಮ ಅಂದ್ರೆ ನಾನು, ಮತ್ತೆ ಇದನ್ನ ಓದ್ತಾ ಇರೋ ನಿಮ್ಮಲ್ಲಿ ಅರ್ಧಕ್ಕರ್ಧ ಜನ.

ಕನ್ನಡದಲ್ಲಿ ಬ್ಲಾಗ್ ಬರೆಯೋರಲ್ಲಿ ಕಥೆಗಾರರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಒಗ್ಗರಣೆ ಹಾಕ್ತಾ ಹಾಕ್ತಾ ಕವನ ಹೊಸೆಯೋರಿದ್ದಾರೆ. ಆದ್ರೂ ಸಾಫ್ಟ್‌ವೇರಿನವರು ಒಂದು ಕೈ ಜಾಸ್ತಿ. ಹಾಗಾಗಿ ಈ ಪ್ರಶ್ನೆ ನಿಮಗೂ ಯಾವುದಾದ್ರೂ ಮದುವೆ ಮನೆಯಲ್ಲಿ ಎದುರಾಗಿರುತ್ತೆ. "ನೀನು ಕಂಪ್ಯೂಟರ್‌ನೋನಲ್ವೇನಪ್ಪಾ, ನಮ್ಮ ಆಫೀಸಿಗೆ ಒಂದು ಸ್ವಿಚ್ಚು ಬೇಕಂತೆ, ಯಾವುದು ತಗೊಳ್ಲಿ?" ಎಲೆ ಮುಂದೆ ಕೂತಿರ್ತೀವಿ, ಆ ಕಡೆಯಿಂದ ಹೋಳಿಗೆ ಬರ್ತಾ ಇರುತ್ತೆ. "ಯಾವುದಾದ್ರೂ ತಗೊಳ್ಳಿ, ಎಲ್ಲಾ ಒಂದೇ" ಅಂದುಬಿಡ್ತೀವಿ.

ನಾನೂ ಹಾಗೇ ಅಂದೆ. ಅದರ ಬೆಲೆ ಕೊಟ್ಟವನು ಬೇರೆಯವನು.

(ಲೈಟ್ ಹಾಕೋ ಸ್ವಿಚ್ ಅಲ್ಲ ಕಣ್ರೀ! ಆಫೀಸಿನ ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರೋ, ಹಸಿರು ದೀಪ ಪಿಳಿಪಿಳಿ ಅನ್ನೋ ಡಬ್ಬಿ. ಕವಿಗಳು ಇಲ್ಲಿಗೇ ಎದ್ದು ಹೋಗಬೇಡಿ, ಇದು ನಿಮಗೂ ಸಂಬಂಧಪಟ್ಟ ವಿಷಯ.)

* * *

ಜಯಲಕ್ಷ್ಮಿಪುರಂ ನೋಡಿರ್ತೀರಿ. ಕಾಳಿದಾಸ ರಸ್ತೆ, ಮಹಾಜನ ಕಾಲೇಜು, ಒಳಗಿನ ರಸ್ತೆಗಳಲ್ಲಿ ಕಾಂಪೌಂಡೂ ತೆಂಗಿನ ಮರವೂ ಇರೋ ಹಳೇ ಮನೆಗಳು. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದಮೇಲೆ ಅಂಥ ಎಷ್ಟೋ ಮನೆಗಳ ಮಹಡಿಗಳು ಆಫೀಸಾಗಿವೆ. ನನ್ನ ಗೆಳೆಯನೊಬ್ಬನದ್ದೂ ಅಂಥದ್ದೇ ಒಂದು ಮಹಡಿ. ಅಂಗಡಿಗಳ, ಸಣ್ಣ ಕಾರ್ಖಾನೆಗಳ ಲೆಕ್ಕ ಬರೆದು ಜಿಎಸ್‌ಟಿ ತುಂಬಿಕೊಡೋ ಕಂಪನಿ. ಇಪ್ಪತ್ತೆರಡು ಜನ.

ಹೊಸ ಮಹಡಿಗೆ ಬಂದಾಗ ಅವನು ಎರಡು ಕೊಟೇಶನ್ ಕಳಿಸಿದ್ದ. ಎರಡೂ 24 ಪೋರ್ಟಿನ ಗಿಗಾಬಿಟ್ ಸ್ವಿಚ್ಚುಗಳೇ. ಒಂದು ಅನ್‌ಮ್ಯಾನೇಜ್ಡ್: ಕರೆಂಟ್ ಕೊಡಿ, ಕೇಬಲ್ ಚುಚ್ಚಿ, ಮರೆತುಬಿಡಿ. ಇನ್ನೊಂದು ಮ್ಯಾನೇಜ್ಡ್: ಅದಕ್ಕೊಂದು ಐಪಿ ವಿಳಾಸ, ಲಾಗಿನ್, ಸೆಟ್ಟಿಂಗ್ಸ್ ಪುಟ ಎಲ್ಲ ಇರುತ್ತೆ. ವ್ಯತ್ಯಾಸ ಸುಮಾರು ಎಂಟು ಸಾವಿರ. ನಾನು ಫೋನಿನಲ್ಲೇ ನಕ್ಕು, "ಇಪ್ಪತ್ತೆರಡು ಜನಕ್ಕೆ ಮ್ಯಾನೇಜ್ಡ್ ಯಾಕೋ, ನೀನೇನು ಇನ್ಫೋಸಿಸ್ಸಾ?" ಅಂದೆ. ಅವನೂ ನಕ್ಕ. ಎಂಟು ಸಾವಿರ ಉಳೀತು.

ಒಂದು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು 20ನೇ ತಾರೀಖು ಬಂತು. ಲೆಕ್ಕದವರಿಗೆ 20ನೇ ತಾರೀಖು ಅಂದ್ರೇನು ಅಂತ ಗೊತ್ತಿರುತ್ತೆ. ಜಿಎಸ್‌ಟಿಆರ್-3ಬಿ ತುಂಬೋಕೆ ಅದೇ ಕೊನೇ ದಿನ. ತಡವಾದ್ರೆ ಒಂದೊಂದು ರಿಟರ್ನಿಗೂ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ಬಡ್ಡಿ ಬೇರೆ. ಅವತ್ತು ಬೆಳಿಗ್ಗೆ ಹನ್ನೊಂದೂವರೆಗೆ ಇಡೀ ಆಫೀಸಿನ ನೆಟ್‌ವರ್ಕ್ ಬಿತ್ತು. ಇಂಟರ್ನೆಟ್ ಹೋದ್ರೆ ಮೊಬೈಲಿಂದ ಹಾಟ್‌ಸ್ಪಾಟ್ ಹಾಕ್ಕೋಬಹುದು. ಇಲ್ಲಿ ಒಳಗಿನ ಸರ್ವರ್ರೂ ಸಿಗ್ತಿಲ್ಲ, ಪ್ರಿಂಟರ್ರೂ ಇಲ್ಲ. ಸ್ವಿಚ್ಚಿನ ಎಲ್ಲಾ ದೀಪಗಳೂ ಒಟ್ಟಿಗೆ, ಹುಚ್ಚು ಹಿಡಿದ ಹಾಗೆ ಮಿಣುಕ್ತಾ ಇದ್ದವಂತೆ. ರೂಟರ್ ಆಫ್ ಮಾಡಿ ಆನ್ ಮಾಡಿದ್ರು. ಸರ್ವರ್ ಆಫ್ ಮಾಡಿ ಆನ್ ಮಾಡಿದ್ರು. ಇಂಟರ್ನೆಟ್ಟಿನವರಿಗೆ ಬೈದ್ರು. ವೈರಸ್ಸೇನೋ ಅಂದ್ರು. ನಾಲ್ಕು ಗಂಟೆಗೆ ಸರ್ವೀಸ್‌ನವನು ಬಂದು ಒಂದೊಂದೇ ಕೇಬಲ್ ಕಿತ್ತು, ಹಾಕಿ, ಕಿತ್ತು, ಹಾಕಿ, ಆರು ಗಂಟೆ ಹೊತ್ತಿಗೆ ಸಿಕ್ತು. ಒಂದು ಮೇಜಿನ ಕೆಳಗೆ ಯಾವತ್ತೋ ಹಾಕಿದ್ದ ಐದು ಪೋರ್ಟಿನ ಪುಟಾಣಿ ಸ್ವಿಚ್ಚು. ಅದಕ್ಕೆ ಒಂದು ನೀಲಿ ಕೇಬಲ್ಲಿನ ಎರಡೂ ತುದಿ ಚುಚ್ಚಿತ್ತು.

ಯಾರು ಚುಚ್ಚಿದ್ದು?

ಆಫೀಸಿನಲ್ಲಿ ಕಸ ಗುಡಿಸಿ, ಕಾಫಿ ತಂದು, ಫೈಲ್ ಒಯ್ದು ಕೊಡೋಕೆ ಒಬ್ಬ ಹುಡುಗ ಇದ್ದ. ಹುಣಸೂರು ಕಡೆಯವನು, ಹತ್ತೊಂಬತ್ತು ವರ್ಷ. ಮೇಜಿನ ಕೆಳಗೆ ಹೋಗೋನು ಅವನೊಬ್ಬನೇ ತಾನೇ? "ಕೇಬಲ್ ನೇತಾಡ್ತಾ ಇತ್ತು ಅಂತ ನೀಟಾಗಿರ್ಲಿ ಅಂತ ಚುಚ್ಚಿರ್ತಾನೆ" ಅಂದ್ರು ಎಲ್ಲರೂ. ಅವನು "ನಾನು ಮುಟ್ಟಿಲ್ಲ ಸಾರ್" ಅಂದ. ಯಾರು ನಂಬ್ತಾರೆ? ಸಂಜೆ ನನ್ನ ಗೆಳೆಯ ಸಿಟ್ಟಿನಲ್ಲಿ ಲೆಕ್ಕ ಚುಕ್ತಾ ಮಾಡಿ ಅವನನ್ನ ಕಳಿಸಿಬಿಟ್ಟ.

ರಾತ್ರಿ ನನಗೆ ಫೋನ್ ಮಾಡಿ ಎಲ್ಲಾ ಹೇಳ್ದ. ನಾನು "ಹೌದಾ, ಹೌದಾ" ಅಂತ ಕೇಳಿಸ್ಕೊಂಡೆ. ಮಲಗಿದ ಮೇಲೆ ಹೊಳೀತು. ಹುಡುಗ ಕಸ ಗುಡಿಸೋದು ಎಂಟೂವರೆಗೆ. ನೆಟ್‌ವರ್ಕ್ ಬಿದ್ದದ್ದು ಹನ್ನೊಂದೂವರೆಗೆ. ಅಂಥ ಕುಣಿಕೆ ಬಿದ್ದ ನೆಟ್‌ವರ್ಕ್ ಮೂರು ಗಂಟೆ ಸುಮ್ಮನಿರೋದಿಲ್ಲ, ಸೆಕೆಂಡುಗಳಲ್ಲಿ ಮಲಗುತ್ತೆ. ಆ ಪುಟಾಣಿ ಸ್ವಿಚ್ಚಿನ ಪ್ಲಗ್ಗನ್ನ ಹನ್ನೊಂದೂವರೆಗೆ ಯಾರೋ ಆನ್ ಮಾಡಿರಬಹುದು, ಆಗ ಹುಡುಗನೇ ಚುಚ್ಚಿದ್ದಿರಬಹುದು. ಅಥವಾ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಮೀಟಿಂಗಿಗೆ ಹೋದವರು ಯಾರೋ ತಮ್ಮ ಕೇಬಲ್ಲನ್ನ ಖಾಲಿ ತೂತಿಗೆ ಸಿಕ್ಕಿಸಿರಬಹುದು. ಯಾವುದು ನಿಜ? ಇವತ್ತಿಗೂ ಗೊತ್ತಿಲ್ಲ. ಗೊತ್ತಾಗೋ ದಾರಿಯೂ ಇಲ್ಲ. ಆ ದಾರಿಯನ್ನ ಎಂಟು ಸಾವಿರಕ್ಕೆ ಮಾರಿಕೊಂಡವನು ನಾನೇ.

ಗೆಳೆಯನಿಗೆ ಹೇಳ್ದೆ. ಅವನು ಕೆಟ್ಟವನಲ್ಲ, ಮಾರನೇ ದಿನವೇ ಹುಡುಗನಿಗೆ ಫೋನ್ ಮಾಡಿ ವಾಪಸ್ ಬಾ ಅಂದ. "ಬೇಡ ಸಾರ್" ಅಂದನಂತೆ ಅವನು. ಅಷ್ಟೇ.

* * *

ಈಗ ಜಗಳಕ್ಕೆ ಬರೋಣ. ಮ್ಯಾನೇಜ್ಡ್ ಸ್ವಿಚ್ ಅನ್ನೋದು ಸ್ಪೀಡಿಗಾಗಿ ತಗೊಳ್ಳೋ ಸಾಮಾನಲ್ಲ, ದೊಡ್ಡ ಕಂಪನಿಯವರ ಶೋಕಿಯೂ ಅಲ್ಲ. ಅದು ಆಫೀಸಿನ ಸಾಕ್ಷಿ. ಸಾಕ್ಷಿ ಇಲ್ಲದ ಕಡೆ ಏನಾದ್ರೂ ಕೆಟ್ಟರೆ ತಪ್ಪು ಇಳಿಜಾರಿನಲ್ಲಿ ನೀರು ಹರಿದ ಹಾಗೆ ಹರಿದು ಎಲ್ಲರಿಗಿಂತ ಕೆಳಗಿರೋನ ಕಾಲ ಬುಡಕ್ಕೇ ಬಂದು ನಿಲ್ಲುತ್ತೆ. ಮ್ಯಾನೇಜರ್ ಮೇಲೆ ಯಾರೂ ಅನುಮಾನ ಪಡಲ್ಲ, ಕಸ ಗುಡಿಸೋನ ಮೇಲೆ ಎಲ್ಲರೂ ಪಡ್ತಾರೆ.

ಆ ಕೇಬಲ್ ಮಾಡಿದ್ದು ಇಷ್ಟು. ಸ್ವಿಚ್ಚಿಗೆ ಒಂದು ಬ್ರಾಡ್‌ಕಾಸ್ಟ್, ಅಂದ್ರೆ "ಎಲ್ರೂ ಕೇಳ್ರಪ್ಪಾ" ಅನ್ನೋ ಫ್ರೇಮ್ ಬಂದ್ರೆ, ಅದು ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲಕ್ಕೂ ಕಳಿಸುತ್ತೆ. ಐಪಿ ಪ್ಯಾಕೆಟ್ಟಿಗಾದ್ರೆ ಆಯಸ್ಸು ಅಂತ ಒಂದಿದೆ, ಒಂದೊಂದು ರೂಟರ್ ದಾಟಿದಾಗಲೂ ಒಂದೊಂದು ಕಳೆದು ಕೊನೆಗೆ ಸಾಯುತ್ತೆ. ಈಥರ್‌ನೆಟ್ ಫ್ರೇಮಿಗೆ ಆಯಸ್ಸಿಲ್ಲ, ಅಶ್ವತ್ಥಾಮನ ಹಾಗೆ ಚಿರಂಜೀವಿ. ಕೇಬಲ್ಲಿನ ಎರಡೂ ತುದಿ ಒಂದೇ ಕಡೆ ಚುಚ್ಚಿದ್ರೆ ಅದು ಸುತ್ತುತ್ತಲೇ ಇರುತ್ತೆ, ಪ್ರತಿ ಸುತ್ತಿಗೂ ನಕಲು ಹುಟ್ಟಿಸುತ್ತಾ. ನಿಜವಾದ ಕೆಲಸದ ದತ್ತಾಂಶಕ್ಕೆ ಜಾಗವೇ ಇರೋದಿಲ್ಲ.

ಇದಕ್ಕೆ ಮದ್ದು ಕಂಡುಹಿಡಿದದ್ದು ನಿನ್ನೆ ಮೊನ್ನೆ ಅಲ್ಲ. 1985ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ ಸ್ಪ್ಯಾನಿಂಗ್ ಟ್ರೀ ಅನ್ನೋ ಉಪಾಯ ಹೂಡಿದ್ರು. ಸ್ವಿಚ್ಚುಗಳು ಪರಸ್ಪರ ಮಾತಾಡಿಕೊಂಡು, ಸುತ್ತು ಬರೋ ದಾರಿಯನ್ನ ತಾವೇ ಮುಚ್ಚಿಕೊಳ್ಳುತ್ತವೆ. (ಅದರ ಬಗ್ಗೆ ಅವರು ಒಂದು ಪದ್ಯವನ್ನೂ ಬರೆದಿದ್ದಾರೆ. ಕವಿಗಳೇ, ಹೇಳಿದ್ನಲ್ಲ, ಇದು ನಿಮಗೂ ಸಂಬಂಧಪಟ್ಟದ್ದು ಅಂತ :) ) 1990ರಲ್ಲಿ ಅದು 802.1ಡಿ ಅನ್ನೋ ಮಾನದಂಡವಾಯ್ತು, 2001ರಲ್ಲಿ ಅದರ ಚುರುಕು ತಮ್ಮ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಬಂತು. ಒಂದೇ ಪೋರ್ಟಿನ ಆಚೆ, ನಮ್ಮ ಪುಟಾಣಿ ಸ್ವಿಚ್ಚಿನಂಥದ್ದರಲ್ಲಿ ಕುಣಿಕೆ ಬಿದ್ದಾಗ ಸ್ಪ್ಯಾನಿಂಗ್ ಟ್ರೀ ಒಂದನ್ನೇ ನಂಬಿ ಕೂರೋ ಹಾಗಿಲ್ಲ. ಅದಕ್ಕೆ ಲೂಪ್‌ಬ್ಯಾಕ್ ಡಿಟೆಕ್ಷನ್ ಅಂತ ಬೇರೆ ಸೌಲಭ್ಯ ಇರುತ್ತೆ. ತಾನು ಕಳಿಸಿದ ಗುರುತಿನ ಫ್ರೇಮು ತನಗೇ ವಾಪಸ್ ಬಂದ್ರೆ ಸ್ವಿಚ್ಚು ಆ ಪೋರ್ಟನ್ನ ಮುಚ್ಚಿ, "ಇಷ್ಟು ಗಂಟೆಗೆ, ಇಂಥ ಪೋರ್ಟಿನಲ್ಲಿ ಕುಣಿಕೆ" ಅಂತ ಒಂದು ಸಾಲು ಬರೆದಿಡುತ್ತೆ.

ಒಂದೇ ಸಾಲು. ಅದಿದ್ದಿದ್ರೆ ಒಂದು ಮೇಜಿನ ನೆಟ್‌ವರ್ಕ್ ಮಾತ್ರ ಹೋಗ್ತಿತ್ತು, ಎರಡು ನಿಮಿಷಕ್ಕೆ ಕೇಬಲ್ ಸಿಗ್ತಿತ್ತು. ಯಾವ ಹೊತ್ತಿಗೆ ಆಯ್ತು ಅಂತಲೂ ಗೊತ್ತಾಗ್ತಿತ್ತು. ಆ ಹೊತ್ತಿಗೆ ಹುಡುಗ ಕಾಫಿ ತರೋಕೆ ಹೋಗಿದ್ದನೋ ಇಲ್ಲವೋ ಅಂತ ಕೇಳಬಹುದಿತ್ತು.

ಖರ್ಚಿನ ಲೆಕ್ಕ ಹಾಕಿ. ಎಂಟು ಸಾವಿರ, ಐದು ವರ್ಷಕ್ಕೆ, ಅಂದ್ರೆ ಅರವತ್ತು ತಿಂಗಳಿಗೆ ಹಂಚಿ. ತಿಂಗಳಿಗೆ 133 ರೂಪಾಯಿ. ಇಪ್ಪತ್ತೆರಡು ಜನಕ್ಕೆ ಹಂಚಿದ್ರೆ ತಲೆಗೆ ಆರು ರೂಪಾಯಿ. ಕಾಳಿದಾಸ ರಸ್ತೆಯಲ್ಲಿ ಆರು ರೂಪಾಯಿಗೆ ಅರ್ಧ ಕಾಫಿಯೂ ಬರಲ್ಲ ಸ್ವಾಮಿ.

* * *

"ಸರಿ ಹಾಗಾದ್ರೆ, ಒಳ್ಳೇ ದುಬಾರಿದೇ ತಗೊಳ್ಳೋಣ" ಅಂತ ಹೊರಡೋರು ಇನ್ನೊಂದು ಗುಂಪು. ಇವರ ಮೇಲೆ ನನ್ನ ಸಿಟ್ಟು ಇನ್ನೂ ಜಾಸ್ತಿ. ನನ್ನ ಗೆಳೆಯನ ಹತ್ತಿರ ಈ ಗಲಾಟೆ ಆದಮೇಲೆ ಒಬ್ಬರು ಟೈ ಕಟ್ಟಿಕೊಂಡು ಬಂದು ಒಂದೂವರೆ ಲಕ್ಷದ ಕೊಟೇಶನ್ ಇಟ್ಟರು. ಅದರಲ್ಲಿ ದಪ್ಪಕ್ಷರದಲ್ಲಿ "ಸ್ವಿಚಿಂಗ್ ಕೆಪಾಸಿಟಿ" ಅಂತ ದೊಡ್ಡ ದೊಡ್ಡ ಸಂಖ್ಯೆ. ಹೆದರಬೇಡಿ, ಮಗ್ಗಿ ಬಂದ್ರೆ ಸಾಕು. 24 ಗಿಗಾಬಿಟ್ ಪೋರ್ಟು, ಎರಡೂ ದಿಕ್ಕಿಗೆ, 24 × 2 = 48 ಜಿಬಿಪಿಎಸ್. ಇಷ್ಟಿದ್ರೆ ಎಲ್ಲಾ ಪೋರ್ಟೂ ಒಟ್ಟಿಗೆ ಪೂರ್ತಿ ವೇಗದಲ್ಲಿ ಓಡಿದ್ರೂ ಸಾಕು. ಅಪ್‌ಲಿಂಕ್ ಪೋರ್ಟುಗಳಿದ್ರೆ ಅವನ್ನೂ ಹೀಗೇ ಸೇರಿಸಿಕೊಳ್ಳಿ. ಕಡಿಮೆ ಬೆಲೆಯ ಸ್ಮಾರ್ಟ್ ಸ್ವಿಚ್ಚುಗಳೂ ಇಷ್ಟನ್ನ ಕೊಡುತ್ತವೆ. ಆಫೀಸಿಗೆ ಬರೋ ಇಂಟರ್ನೆಟ್ಟೇ 200 ಎಂಬಿಪಿಎಸ್ ಇರೋವಾಗ ಉಳಿದ ಸಂಖ್ಯೆಗಳು ಯಾರಿಗೆ?

ದುಡ್ಡು ಸುರಿದ್ರೆ ಬಚಾವ್ ಅನ್ನೋರಿಗೆ ಒಂದು ನಿಜವಾದ ಕಥೆ. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಅನ್ನೋ ದೊಡ್ಡ ಆಸ್ಪತ್ರೆ. 2002ರ ನವೆಂಬರ್ 13ರಂದು ಅದರ ನೆಟ್‌ವರ್ಕ್ ಕುಸಿದು, ಸುಮಾರು ನಾಲ್ಕು ದಿನ ಡಾಕ್ಟರುಗಳು ಕಾಗದದ ಚೀಟಿ ಹಿಡಿದು ಓಡಾಡಿದ್ರು. ಅಲ್ಲಿ ಇದ್ದದ್ದೆಲ್ಲ ದುಬಾರಿ ಮ್ಯಾನೇಜ್ಡ್ ಸ್ವಿಚ್ಚುಗಳೇ. ಆದ್ರೆ ನೆಟ್‌ವರ್ಕ್ ವರ್ಷದಿಂದ ವರ್ಷಕ್ಕೆ ಬಾಲ ಬೆಳೆಸಿಕೊಂಡು ಸ್ಪ್ಯಾನಿಂಗ್ ಟ್ರೀ ತಡೆಯೋ ಮಿತಿಯನ್ನೇ ದಾಟಿತ್ತು, ಗಮನಿಸಿದವರಿಲ್ಲ. ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ ಆಮೇಲೆ ತಮ್ಮ ನೆಟ್‌ವರ್ಕಿನ ದೌರ್ಬಲ್ಯವನ್ನ ಬಹಿರಂಗವಾಗಿ ಒಪ್ಪಿಕೊಂಡು, ಬೇರೆ ಆಸ್ಪತ್ರೆಗಳೂ ಕಲೀಲಿ ಅಂತ ಎಲ್ಲವನ್ನೂ ವಿವರಿಸಿದ್ರು. ಬೆಲೆ ಕಾಪಾಡಲಿಲ್ಲ, ನೋಡೋ ಕಣ್ಣಿದ್ದಿದ್ರೆ ಕಾಪಾಡ್ತಿತ್ತು.

ಮೂರನೇ ಗುಂಪು ಬುದ್ಧಿವಂತರದ್ದು. "ಬೆಂಗಳೂರಲ್ಲಿ ಎಸ್.ಪಿ. ರೋಡಿಗೆ ಹೋಗು, ದೊಡ್ಡ ಕಂಪನಿಯವರು ಬಿಟ್ಟ ಒಳ್ಳೇ ಸ್ವಿಚ್ಚು ಪುಕ್ಕಟೆ ರೇಟಿಗೆ ಸಿಗುತ್ತೆ" ಅಂತಾರೆ. ಸಿಗುತ್ತೆ, ನಿಜ. ಮನೆಯಲ್ಲಿಟ್ಟು ಕಲಿಯೋಕೆ ಬಹಳ ಒಳ್ಳೇದು, ನಾನೂ ಇಟ್ಟಿದ್ದೀನಿ, ಅದರ ಫ್ಯಾನ್ ಸದ್ದಿಗೆ ಮನೆಯವರು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ರು. ಆದ್ರೆ ಆಫೀಸಿಗೆ ಬೇಡ. 2018ರ ಏಪ್ರಿಲ್‌ನಲ್ಲಿ ಸಿಸ್ಕೋ ಸ್ವಿಚ್ಚುಗಳ ಸ್ಮಾರ್ಟ್ ಇನ್‌ಸ್ಟಾಲ್ ಅನ್ನೋ ಸೌಲಭ್ಯವನ್ನ ದಾಳಿಕೋರರು ಬಳಸಿಕೊಂಡು ಇರಾನ್, ರಷ್ಯಾಗಳಲ್ಲಿ ಸಾವಿರಾರು ಸ್ವಿಚ್ಚುಗಳ ಕಾನ್ಫಿಗರೇಶನ್ ಅಳಿಸಿಹಾಕಿದ್ರು. ತೂತು ಮುಚ್ಚೋ ಅಪ್‌ಡೇಟ್ ಅಷ್ಟು ಹೊತ್ತಿಗಾಗಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ರು. ತಯಾರಕರ ಬೆಂಬಲ ಮುಗಿದ ಸೆಕೆಂಡ್‌ಹ್ಯಾಂಡ್ ಸ್ವಿಚ್ಚಿಗೆ ಆ ಅಪ್‌ಡೇಟೇ ಬರೋದಿಲ್ಲ. ಸಾಕ್ಷಿಯನ್ನೇ ಕಳ್ಳ ಕೊಂಡುಕೊಂಡ ಹಾಗೆ.

* * *

ಹಾಗಾದ್ರೆ ಏನು ತಗೋಬೇಕು? ಮುಂದಿನ ಮದುವೆ ಮನೆಗೆ ಇದನ್ನ ಬಾಯಿಪಾಠ ಮಾಡಿಕೊಂಡು ಹೋಗಿ.

1. ಲೂಪ್‌ಬ್ಯಾಕ್ ಡಿಟೆಕ್ಷನ್, ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ, ಸ್ಟಾರ್ಮ್ ಕಂಟ್ರೋಲ್. ಮೂರೂ ಇರಲಿ. ಇದ್ರೆ ಸಾಲದು, ಆನ್ ಮಾಡಿ! ಪೆಟ್ಟಿಗೆಯಿಂದ ತೆಗೆದಾಗ ಎಷ್ಟೋ ಸ್ವಿಚ್ಚುಗಳಲ್ಲಿ ಇವು ಆಫ್ ಆಗಿರುತ್ತವೆ. ಆನ್ ಮಾಡದ ಮ್ಯಾನೇಜ್ಡ್ ಸ್ವಿಚ್ಚು ಅಂದ್ರೆ ಬಾಯಿ ಹೊಲಿದ ಸಾಕ್ಷಿ.

2. ಲಾಗ್ ಮತ್ತು ಗಡಿಯಾರ. ಸ್ವಿಚ್ಚಿನೊಳಗಿನ ಲಾಗ್ ಸಾಮಾನ್ಯವಾಗಿ ಕರೆಂಟ್ ಹೋದ್ರೆ ಅಳಿಸಿಹೋಗುತ್ತೆ. ಅದಕ್ಕೇ ಸಿಸ್‌ಲಾಗ್ ಇರಬೇಕು, ಮೂಲೆಯಲ್ಲಿ ಬಿದ್ದಿರೋ ಹಳೇ ಕಂಪ್ಯೂಟರಿಗೆ ಕಳಿಸಿದ್ರೂ ಆಯ್ತು. ಎನ್‌ಟಿಪಿ ಇಂದ ಗಡಿಯಾರ ಸರಿ ಇರಬೇಕು. ಟೈಮ್ ತಪ್ಪಾಗಿರೋ ಲಾಗು ಕೋರ್ಟಿನಲ್ಲಿ "ಯಾವತ್ತೋ ನೋಡ್ದಂಗಿತ್ತು ಸ್ವಾಮಿ" ಅನ್ನೋ ಸಾಕ್ಷಿಯ ಥರ.

ಇದು ಬರೀ ನನ್ನ ಹಟ ಅಂತ ತಿಳೀಬೇಡಿ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಕಂಪನಿಗಳು ಸೈಬರ್ ಅವಘಡಗಳನ್ನ 6 ಗಂಟೆಯೊಳಗೆ ತಿಳಿಸಬೇಕು, ತಮ್ಮ ಸಿಸ್ಟಂಗಳ ಲಾಗ್‌ಗಳನ್ನ 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯಕ್ಕೆ ಹೊಂದಿಸಬೇಕು. ಸಣ್ಣ ಉದ್ಯಮಗಳಿಗೆ ಕೊಟ್ಟಿದ್ದ ಕಾಲಾವಕಾಶವೂ 2022ರ ಸೆಪ್ಟೆಂಬರ್ 25ಕ್ಕೇ ಮುಗಿದಿದೆ. ಮ್ಯಾನೇಜ್ಡ್ ಸ್ವಿಚ್ಚೇ ತಗೊಳ್ಳಿ ಅಂತ ಅದರಲ್ಲಿ ಹೇಳಿಲ್ಲ. ಆದ್ರೆ ಲಾಗೇ ಬರೆಯದ ಡಬ್ಬಿಯಿಂದ 180 ದಿನದ ಲಾಗ್ ಎಲ್ಲಿಂದ ತರ್ತೀರಿ?

3. ವಿಎಲ್‌ಎಎನ್, ಅಂದ್ರೆ 802.1ಕ್ಯೂ. ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಕೋಣೆ. ಲೆಕ್ಕದ ಕಂಪ್ಯೂಟರುಗಳು ಒಂದರಲ್ಲಿ, ಸಿಸಿಟಿವಿ ಕ್ಯಾಮೆರಾ ಮತ್ತು ಹೆಬ್ಬೆಟ್ಟು ಒತ್ತೋ ಹಾಜರಿ ಯಂತ್ರ ಇನ್ನೊಂದರಲ್ಲಿ, ಬಂದುಹೋಗೋರ ವೈಫೈ ಮತ್ತೊಂದರಲ್ಲಿ. 2016ರ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಗಂಟೆಗಟ್ಟಲೆ ಸಿಗದ ಹಾಗೆ ಮಾಡಿದ ಮಿರಾಯ್ ದಾಳಿಯ ಸೈನಿಕರು ಯಾರು ಗೊತ್ತಾ? ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾಗಳು, ಡಿವಿಆರ್‌ಗಳು. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕದ್ದವರು ಒಳಗೆ ಬಂದದ್ದು ಎಸಿ, ಫ್ರಿಜ್ ನೋಡಿಕೊಳ್ತಿದ್ದ ಗುತ್ತಿಗೆದಾರರ ಲಾಗಿನ್ ಹಿಡಿದು. ನಿಮ್ಮ ಕ್ಯಾಮೆರಾಕ್ಕೂ ಗಿರಾಕಿಗಳ ಬ್ಯಾಲೆನ್ಸ್ ಶೀಟಿಗೂ ನಡುವೆ ಒಂದು ಗೋಡೆ ಬೇಡವೇ? ಒಂದು ಎಚ್ಚರ: ಗೋಡೆ ಕಟ್ಟೋದು ಸ್ವಿಚ್ಚು, ಬಾಗಿಲು ಇಡೋದು ರೂಟರ್. ಇಂಟರ್ನೆಟ್ಟಿನವರು ಕೊಟ್ಟ ಡಬ್ಬಿಗೆ ವಿಎಲ್‌ಎಎನ್ ಗೊತ್ತಿಲ್ಲದಿದ್ರೆ ಅದಕ್ಕೂ ಸ್ವಲ್ಪ ಖರ್ಚಿದೆ, ಮೊದಲೇ ಹೇಳಿಬಿಡಿ.

4. ಪಿಒಇ ಬಜೆಟ್ ನೋಡಿ. ಕ್ಯಾಮೆರಾಗೆ, ವೈಫೈ ಡಬ್ಬಿಗೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕಳಿಸೋ ಸೌಲಭ್ಯ ಇದು. ಪೆಟ್ಟಿಗೆ ಮೇಲೆ "ಪ್ರತಿ ಪೋರ್ಟಿಗೆ 30 ವಾಟ್" ಅಂತಿರುತ್ತೆ. 24 ಪೋರ್ಟಿಗೆ 720 ವಾಟ್ ಅಂದ್ಕೋಬೇಡಿ, ಒಟ್ಟು ಬಜೆಟ್ ಅದಕ್ಕಿಂತ ಬಹಳ ಕಡಿಮೆ ಇರುತ್ತೆ, ಸಣ್ಣಕ್ಷರದಲ್ಲಿ ಬರೆದಿರ್ತಾರೆ. ಎಂಟು ಕ್ಯಾಮೆರಾಕ್ಕೆ ಏಳೇಳು ವಾಟ್ ಅಂದ್ರೆ 56, ಮೂರು ವೈಫೈಗೆ ಹದಿಮೂರು ಅಂದ್ರೆ 39, ಒಟ್ಟು 95 ವಾಟ್. ಅದಕ್ಕೆ ಅರ್ಧದಷ್ಟು ಸೇರಿಸಿ ತಗೊಂಡ್ರೆ ಆಯ್ತು. ಪಿಒಇ ಬೇಡದ ಪೋರ್ಟುಗಳಿಗೂ ದುಡ್ಡು ಕೊಡಬೇಡಿ, ಎಂಟು ಪೋರ್ಟಿನ ಪಿಒಇ ಸ್ವಿಚ್ಚು ಒಂದನ್ನ ಬೇರೆಯೇ ಇಡಬಹುದು. ಅದೂ ಮ್ಯಾನೇಜ್ಡ್ ಆಗಿರಲಿ.

5. ಫ್ಯಾನ್ ಇಲ್ಲದ್ದು ಸಿಕ್ಕರೆ ಒಳ್ಳೇದು, ಧೂಳೂ ಇಲ್ಲ, ಸದ್ದೂ ಇಲ್ಲ. ಎರಡಾದ್ರೂ ಎಸ್‌ಎಫ್‌ಪಿ ಪೋರ್ಟ್ ಇರಲಿ. ಎದುರು ಕಟ್ಟಡಕ್ಕೆ ಲೈನ್ ಎಳೆಯೋದಾದ್ರೆ ಫೈಬರ್ ಎಳೀರಿ. ಏಪ್ರಿಲ್-ಮೇ ಗುಡುಗು ಮಳೆಗೆ ನಮ್ಮೂರಲ್ಲಿ ತಾಮ್ರದ ಕೇಬಲ್ ಮೂಲಕ ಎಷ್ಟು ಸ್ವಿಚ್ಚುಗಳು ಸುಟ್ಟಿವೆಯೋ, ರಿಪೇರಿಯವರನ್ನ ಕೇಳಿ.

6. ಇದು ಮುಖ್ಯ. ನಿಮ್ಮ ಕೈಲೇ ಕೀಲಿ ಇರಬೇಕು. ಇಂಟರ್ನೆಟ್ ಇಲ್ಲದೆಯೂ, ಚಂದಾ ಕಟ್ಟದೆಯೂ ಒಳಗೆ ಲಾಗಿನ್ ಆಗೋ ಹಾಗಿರಬೇಕು. ಕಾನ್ಫಿಗರೇಶನ್ನನ್ನ ಒಂದು ಫೈಲಾಗಿ ಇಳಿಸಿಕೊಳ್ಳೋ ಹಾಗಿರಬೇಕು, ಓದೋಕೆ ಬರೋ ಫೈಲಾದ್ರೆ ಇನ್ನೂ ಚೆನ್ನ.

ಬ್ರಾಂಡು ಯಾವುದು ಅಂತ ಕೇಳ್ತೀರಿ, ಗೊತ್ತು. ಡಿ-ಲಿಂಕ್ ಡಿಜಿಎಸ್-1210 ಸರಣಿ, ಟಿಪಿ-ಲಿಂಕ್‌ನ ಒಮಾಡಾ ಸ್ಮಾರ್ಟ್ ಸ್ವಿಚ್ಚುಗಳು, ನೆಟ್‌ಗೇರ್, ಅರುಬಾ ಇನ್‌ಸ್ಟಂಟ್ ಆನ್ 1930, ಮೈಕ್ರೋಟಿಕ್‌ನ ಸಿಆರ್‌ಎಸ್326... ಎಲ್ಲವೂ ಸಣ್ಣ ಆಫೀಸನ್ನ ಮನಸ್ಸಿನಲ್ಲಿಟ್ಟು ಮಾಡಿದವೇ. ಮೈಕ್ರೋಟಿಕ್ ಕಲಿಯೋಕೆ ಸ್ವಲ್ಪ ಮೈ ಬಗ್ಗಿಸಬೇಕು. ಯೂನಿಫೈ ತಗೊಂಡ್ರೆ ಕಂಟ್ರೋಲರ್ ತಂತ್ರಾಂಶವನ್ನ ಎಲ್ಲಾದ್ರೂ ಓಡಿಸಬೇಕು, ಸ್ವಂತ ಕಂಪ್ಯೂಟರಿನಲ್ಲೂ ಓಡಿಸಬಹುದು. ಇನ್ನು "ಈಸಿ ಸ್ಮಾರ್ಟ್" ಥರದ ಅತಿ ಅಗ್ಗದವುಗಳಲ್ಲಿ ವಿಎಲ್‌ಎಎನ್ ಇರುತ್ತೆ, ಕುಣಿಕೆ ತಡೆಯೋದೂ ಇರುತ್ತೆ, ಆದ್ರೆ ಸಾಮಾನ್ಯವಾಗಿ ಸಿಸ್‌ಲಾಗ್ ಇರೋಲ್ಲ. ಮೇಜಿನ ಕೆಳಗೆ ಇಡೋಕೆ ಸರಿ, ಆಫೀಸಿನ ನಡುಮನೆಗೆ ಬೇಡ. ನನ್ನ ಮಾತು ಕೇಳೋದಾದ್ರೆ ಬ್ರಾಂಡಿಗಿಂತ ಮೊದಲು ಆ ಮಾಡೆಲ್ಲಿಗೆ ಕೊನೇ ಫರ್ಮ್‌ವೇರ್ ಯಾವಾಗ ಬಂದಿದೆ ಅಂತ ತಯಾರಕರ ಪುಟದಲ್ಲಿ ನೋಡಿ. ಎರಡು ವರ್ಷದಿಂದ ಏನೂ ಬಂದಿಲ್ಲ ಅಂದ್ರೆ ಮುಂದಿನ ಅಂಗಡಿಗೆ ಹೋಗಿ.

* * *

ಆರನೇ ಅಂಶಕ್ಕೆ ವಾಪಸ್ ಬರ್ತೀನಿ. ಅದು ನಮ್ಮಂಥವರಿಗೆ ಬೇಗ ಅರ್ಥ ಆಗಬೇಕು. ನಾವೆಲ್ಲ ಯೂನಿಕೋಡ್‌ಗಾಗಿ ಜಗಳ ಆಡಿದವರು. ನುಡಿಯಲ್ಲಿ ಬರೆದದ್ದು ಶ್ರೀಲಿಪಿಯಲ್ಲಿ ತೆರೆಯಲ್ಲ, ಶ್ರೀಲಿಪಿಯದ್ದು ಬರಹದಲ್ಲಿ ತೆರೆಯಲ್ಲ, ಕಳಿಸಿದ ಲೇಖನ ಆ ಕಡೆ ಇಲಿ ಕಡಿದ ಹಾಗೆ ಕಾಣುತ್ತೆ. ಆ ಸಂಕಟ ಉಂಡೇ ತಾನೇ ನಾವು "ಎಲ್ಲರಿಗೂ ಒಂದೇ ಮಾನದಂಡ ಬೇಕು, ನಮ್ಮ ಬರಹ ನಮ್ಮ ಕೈಲಿರಬೇಕು" ಅಂತ ಇಲ್ಲಿಗೆ ಬಂದದ್ದು? ಅದೇ ಮಾತು ಸ್ವಿಚ್ಚಿಗೂ ಅನ್ವಯಿಸುತ್ತೆ. 802.1ಕ್ಯೂ, ಸ್ಪ್ಯಾನಿಂಗ್ ಟ್ರೀ, ಸಿಸ್‌ಲಾಗ್ ಎಲ್ಲವೂ ಎಲ್ಲಾ ಕಂಪನಿಗಳಿಗೂ ಒಂದೇ. ಅವನ್ನ ನಂಬಿ ಕಟ್ಟಿದ ನೆಟ್‌ವರ್ಕಿಗೆ ನಾಳೆ ಬೇರೆ ಬ್ರಾಂಡಿನ ಸ್ವಿಚ್ಚು ತಂದು ಸೇರಿಸಬಹುದು. ಒಂದೇ ಕಂಪನಿಯ ಮೋಡದೊಳಗೆ ಕಟ್ಟಿಕೊಂಡ್ರೆ ಚಂದಾ ಮುಗಿದ ದಿನ ನಿಮ್ಮ ಆಫೀಸಿನ ಬೀಗದಕೈ ಬೇರೆಯವರ ಜೇಬಿನಲ್ಲಿರುತ್ತೆ. ಸ್ವತಂತ್ರ ತಂತ್ರಾಂಶದ ಮೋಹ ಇರೋರಿಗೆ ಇನ್ನೊಂದು ಖುಷಿ: 2021ರಲ್ಲಿ ಬಂದ ಓಪನ್‌ಡಬ್ಲ್ಯುಆರ್‌ಟಿ 21.02ರಿಂದ ಝೈಕ್ಸೆಲ್ ಜಿಎಸ್1900 ಥರದ ಕೆಲವು ಸ್ವಿಚ್ಚುಗಳಲ್ಲಿ ಅದನ್ನೇ ಓಡಿಸಬಹುದು. ನಾನು ಮನೆಯಲ್ಲಿ ಮಾಡಿ ನೋಡ್ತೀನಿ, ಗೆಳೆಯನ ಆಫೀಸಿನಲ್ಲಿ ಮಾಡೋಲ್ಲ :)

"ಅಷ್ಟೆಲ್ಲ ನೋಡಿಕೊಳ್ಳೋಕೆ ಸಣ್ಣ ಆಫೀಸಿನಲ್ಲಿ ಯಾರಿದ್ದಾರೆ?" ಅಂತ ಒಬ್ಬರು ಕೇಳಿದ್ರು. ಇದೇ ಮೈಸೂರಲ್ಲಿ 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು. "ಆಕಾಶವಾಣಿ" ಅನ್ನೋ ಹೆಸರು ಪ್ರಸಾರಕ್ಕೆ ಅಂಟಿದ್ದೇ ಅಲ್ಲಿಂದ. ಮನಶ್ಶಾಸ್ತ್ರದ ಮೇಷ್ಟ್ರು ಮನೆಯಿಂದ ಬಾನುಲಿ ನಡೆಸಿದ ಊರಿನಲ್ಲಿ, ದಿನವಿಡೀ ಕಂಪ್ಯೂಟರ್ ಮುಂದೆ ಕೂರೋ ಇಪ್ಪತ್ತೆರಡು ಜನರಲ್ಲಿ ಒಬ್ಬರಿಗೆ ಸ್ವಿಚ್ಚಿಗೆ ಲಾಗಿನ್ ಆಗಿ ಲಾಗ್ ಓದೋಕೆ ಬರಲ್ಲ ಅಂದ್ರೆ ನಾನು ನಂಬಲ್ಲ. ಅರ್ಧ ದಿನ ಕೂತು ಹೇಳಿಕೊಟ್ರೆ ಬರುತ್ತೆ. ಹೇಳಿಕೊಡಬೇಕಾದವರು ಯಾರು? ಎಲೆ ಮುಂದೆ ಕೂತು "ಎಲ್ಲಾ ಒಂದೇ" ಅಂದ ನಾವು.

ನ್ಯಾಯವಾಗಿ ಹೇಳಬೇಕಂದ್ರೆ, ಮೂರ್ನಾಲ್ಕು ಜನರ ಆಫೀಸಿಗೆ, ಒಂದೇ ಕೋಣೆ, ಎಲ್ಲರೂ ವೈಫೈ ಅಂದ್ರೆ, ಇದು ಯಾವುದೂ ಬೇಡ. ಅನ್‌ಮ್ಯಾನೇಜ್ಡ್‌ನಲ್ಲೂ ಕೆಲವು ಕುಣಿಕೆ ಕಂಡ್ರೆ ದೀಪ ಮಿಣುಕಿಸುತ್ತವೆ, ಅಂಥದ್ದು ಸಾಕು. ಆದ್ರೆ ಎರಡನೇ ಕೋಣೆ, ಹತ್ತನೇ ಕೇಬಲ್, ಮೊದಲನೇ ಕ್ಯಾಮೆರಾ ಬಂದ ದಿನ ಸಾಕ್ಷಿ ಬೇಕು. ಆಫೀಸಿನಲ್ಲಿ "ಯಾರು ಮಾಡಿದ್ದು?" ಅನ್ನೋ ಪ್ರಶ್ನೆ ಹುಟ್ಟೋ ದಿನವೂ ಅದೇ.

* * *

ಗೆಳೆಯ ಈಗ 24 ಪೋರ್ಟಿನ ಸ್ಮಾರ್ಟ್ ಸ್ವಿಚ್ಚು ತಂದಿದ್ದಾನೆ. ನಾನೇ ಹೋಗಿ ಕೂತು ಹಾಕಿಕೊಟ್ಟೆ. ಮೇಜಿನ ಕೆಳಗಿನ ಪುಟಾಣಿಯನ್ನ ಕಿತ್ತೆವು. ಪ್ರತಿ ಪೋರ್ಟಿಗೂ ಹೆಸರು ಬರೆದ್ವಿ, "ಲೆಕ್ಕ-3", "ಮುಂಬಾಗಿಲ ಕ್ಯಾಮೆರಾ" ಅಂತ. ಪಾಸ್‌ವರ್ಡ್ ಬರೆದ ಲಕೋಟೆ ಬೀರುವಿನಲ್ಲಿದೆ, ಮಾರಿದವರ ಹತ್ತಿರ ಇಲ್ಲ. ಲೆಕ್ಕದ ಒಬ್ಬ ಹೆಣ್ಣುಮಗಳು ಎರಡೇ ದಿನದಲ್ಲಿ ಲಾಗ್ ಓದೋದು ಕಲಿತು, ನನಗೇ "ಸಾರ್, 9ನೇ ಪೋರ್ಟು ನೂರು ಎಂಬಿಗೆ ಇಳಿದಿದೆ, ಕೇಬಲ್ ಹೋಗಿರಬೇಕು" ಅಂದ್ಲು. ನಿಜ, ಕೇಬಲ್ಲೇ ಹೋಗಿತ್ತು.

ಹಳೇ ಸ್ವಿಚ್ಚಿನ ಮೇಲೆ ಏನಿತ್ತು ಗೊತ್ತಾ? ಕಳೆದ ಆಯುಧಪೂಜೆಯ ಅರಿಶಿನ ಕುಂಕುಮ, ಒಣಗಿದ ಸೇವಂತಿಗೆ. ಗಾಳಿ ಆಡೋ ಕಿಂಡಿಗೆ ಹೂವಿನ ಎಸಳು ಸಿಕ್ಕಿಕೊಂಡಿತ್ತು. ವರ್ಷಕ್ಕೊಂದು ದಿನ ಅದನ್ನ ನೋಡ್ತಿದ್ವಿ, ನೋಡಿ ಕೈ ಮುಗೀತಿದ್ವಿ. ಪೂಜೆ ಮಾಡಬೇಡಿ ಅನ್ನೋಕೆ ನಾನ್ಯಾರು, ಮೈಸೂರಿನವನು! ಮಾಡಿ. ಆದ್ರೆ ಈ ಸಲ ಆಯುಧಪೂಜೆ ದಿನ ಬೂದುಗುಂಬಳ ಒಡೆಯೋ ಮುಂಚೆ ಸ್ವಿಚ್ಚಿಗೆ ಲಾಗಿನ್ ಆಗಿ, ಫರ್ಮ್‌ವೇರ್ ಹೊಸದು ಬಂದಿದೆಯಾ ನೋಡಿ, ಕಾನ್ಫಿಗರೇಶನ್ ಬ್ಯಾಕಪ್ ತಗೊಳ್ಳಿ, ಲಾಗ್ ಒಂದ್ಸಲ ಓದಿ. ಹೂವನ್ನ ಪಕ್ಕಕ್ಕಿಡಿ, ಮೇಲಿಡಬೇಡಿ.

ಮತ್ತೆ ಮುಂದಿನ ಮದುವೆ ಮನೆಯಲ್ಲಿ ಯಾರಾದ್ರೂ ಕೇಳಿದ್ರೆ, ಹೋಳಿಗೆ ಬರೋದಾದ್ರೆ ಬರಲಿ, "ಎಲ್ಲಾ ಒಂದೇ" ಅನ್ನಬೇಡಿ. "ನಿಮ್ಮ ಆಫೀಸಿನಲ್ಲಿ ಕಸ ಗುಡಿಸೋನು ಯಾರು?" ಅಂತ ಕೇಳಿ. ಅವರು ಯಾಕೆ ಅಂತಾರೆ. ಆಗ ಈ ಕಥೆ ಹೇಳಿ.

ಕೊ.ಕೊ: ಆ ಹುಡುಗ ಈಗ ಹುಣಸೂರಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಇದ್ದಾನಂತೆ, ರಿಪೇರಿ ಕಲೀತಿದ್ದಾನಂತೆ. ಗೆಳೆಯ ಹೇಳ್ದ. ಆ ಕಡೆ ಹೋದಾಗ ಹೋಗಿ ಮಾತಾಡಿಸಬೇಕು ಅಂದ್ಕೊಂಡಿದ್ದೀನಿ. ಏನಂತ ಶುರು ಮಾಡ್ಲಿ ಅಂತ ಮಾತ್ರ ಗೊತ್ತಾಗ್ತಿಲ್ಲ. ನಿಮಗೆ ತೋಚಿದ್ರೆ ಹೇಳಿ.